ಒಂಟಿ ಎಲೆಕ್ಟ್ರಾನ್, ಒಲೆಯ ಹೊಗೆ ಮತ್ತು ದಂಪತಿಗಳ ಆರೋಗ್ಯ

ಗಾಣದಿಂದ ತಂದ ಹುಚ್ಚೆಳ್ಳೆಣ್ಣೆಯನ್ನು ಬಾಯಿ ತೆರೆದ ಪಾತ್ರೆಯಲ್ಲಿ, ಬಿಸಿಲು ಬೀಳುವ ಕಿಟಕಿಯ ಬಳಿ ಇರಿಸಿದರೆ ಅದು ಬೇಗನೆ ಕಮಟು ಹಿಡಿಯುತ್ತದೆ. ಅದೇ ಎಣ್ಣೆಯನ್ನು ತುಂಬಿದ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ ಕತ್ತಲೆಯ ಮೂಲೆಯಲ್ಲಿಟ್ಟರೆ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಹಳೆಯ ಕಮಟೆಣ್ಣೆಯ ತಳದ ಮೇಲೆಯೇ ಹೊಸ ಎಣ್ಣೆಯನ್ನು ಸುರಿದರೆ ಹೊಸತೂ ಬಹುಬೇಗ ಹಾಳಾಗುವುದು. ಇವೆಲ್ಲವನ್ನೂ ನಮ್ಮ ಗೃಹಿಣಿಯರು ವಿಜ್ಞಾನಿಗಳಿಗಿಂತ ಬಹಳ ಮೊದಲೇ ಅನುಭವದಿಂದ ಬಲ್ಲರು. ಹಾಗೇಕೆ ಆಗುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ.

ಎಣ್ಣೆಯನ್ನು ಕೆಡಿಸುವ ಕ್ರಿಯೆಗೆ ಹತ್ತಿರದ ನಂಟುಳ್ಳ ಕ್ರಿಯೆಗಳೇ ಒಲೆಯ ಉರಿಯಲ್ಲಿಯೂ, ಬೀಡಿಯ ಹೊಗೆಯಲ್ಲಿಯೂ, ನಮ್ಮ ದೇಹದ ಜೀವಕೋಶಗಳಲ್ಲಿಯೂ ನಡೆಯುತ್ತವೆ. ಸಂತಾನಕ್ಕೆ ಮೂಲವಾದ ವೀರ್ಯಾಣುವನ್ನು ಕುಂದಿಸುವಲ್ಲಿಯೂ ಇವುಗಳ ಪಾತ್ರವುಂಟು. ಆದುದರಿಂದ ಇದು ಪ್ರಯೋಗಶಾಲೆಗೆ ಮಾತ್ರ ಸೇರಿದ ವಿಷಯವೆಂದು ದಂಪತಿಗಳು ಬದಿಗಿಡಬಾರದು.

ಜೋಡೆತ್ತು ಮತ್ತು ಒಂಟೆತ್ತು

ಲೋಕದ ವಸ್ತುಗಳೆಲ್ಲವೂ ಪರಮಾಣುಗಳಿಂದ ಆದವು. ಒಂದು ಕೋಟಿ ಜಲಜನಕದ ಪರಮಾಣುಗಳನ್ನು ಒಂದರ ಪಕ್ಕದಲ್ಲೊಂದು ಸಾಲಾಗಿ ಇಟ್ಟರೆ ಆ ಸಾಲಿನ ಉದ್ದ ಸುಮಾರು ಒಂದು ಮಿಲಿಮೀಟರ್, ಹೆಚ್ಚು ಕಡಿಮೆ ಒಂದು ರಾಗಿ ಕಾಳಿನಷ್ಟು. ಪ್ರತಿ ಪರಮಾಣುವಿನ ನಡುವೆ ಭಾರವಾದ ಬೀಜವೊಂದು ಇದ್ದು, ಅದರ ಸುತ್ತಲೂ ಎಲೆಕ್ಟ್ರಾನ್ ಎಂಬ ಅತಿ ಹಗುರವಾದ ಕಣಗಳಿರುತ್ತವೆ. ಎರಡು ಅಥವಾ ಹೆಚ್ಚು ಪರಮಾಣುಗಳು ಕೂಡಿದಾಗ ಅಣು ಎನಿಸುತ್ತದೆ. ಅವುಗಳನ್ನು ಕೂಡಿಸಿ ಹಿಡಿಯುವುದು ಸಾಮಾನ್ಯವಾಗಿ ಎರಡೆರಡಾಗಿ ಜೊತೆಗೂಡಿದ ಎಲೆಕ್ಟ್ರಾನುಗಳು.

ಇದನ್ನು ನೊಗಕ್ಕೆ ಕಟ್ಟಿದ ಜೋಡೆತ್ತಿಗೆ ಹೋಲಿಸಬಹುದು. ಜೋಡಿ ಇರುವವರೆಗೆ ಉಳುಮೆ ನೆಮ್ಮದಿಯಿಂದ ಸಾಗುತ್ತದೆ. ಒಬ್ಬ ರೈತನ ಎತ್ತೊಂದು ಸತ್ತಿತೆನ್ನೋಣ. ಉಳುಮೆಯ ಕಾಲ, ಕಾಯುವಂತಿಲ್ಲ. ಅವನು ಪಕ್ಕದ ಮನೆಯವನ ಕೊಟ್ಟಿಗೆಯಿಂದ ಒಂದೆತ್ತನ್ನು ಹೊಡೆದುಕೊಂಡು ಬರುತ್ತಾನೆ. ಈಗ ಪಕ್ಕದ ಮನೆಯವನು ಒಂಟೆತ್ತಿನವನಾದ. ಅವನು ಮುಂದಿನ ಮನೆಗೆ ನುಗ್ಗುತ್ತಾನೆ. ಹೀಗೆ ಒಂದು ಎತ್ತು ಸತ್ತ ಕಾರಣಕ್ಕೆ ಇಡೀ ಬೀದಿಯಲ್ಲಿ ಜಗಳ ಹಬ್ಬುವುದು. ಒಂಟೆತ್ತಿನವರು ಇಬ್ಬರು ಎದುರು ಬದುರಾಗಿ ತಮ್ಮ ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿಕೊಂಡಾಗ ಮಾತ್ರ ಅದು ನಿಲ್ಲುತ್ತದೆ.

ಜೋಡಿ ಇಲ್ಲದ ಎಲೆಕ್ಟ್ರಾನನ್ನು ಹೊತ್ತ ಪರಮಾಣುವಿಗೆ ಅಥವಾ ಅಣುವಿನ ತುಣುಕಿಗೆ ಮುಕ್ತ ರ‍್ಯಾಡಿಕಲ್ ಎಂದು ಹೆಸರು. ಎದುರಿಗೆ ಸಿಕ್ಕಿದ ಅಣುವಿನಿಂದ ಒಂದು ಎಲೆಕ್ಟ್ರಾನನ್ನೋ, ಒಂದು ಜಲಜನಕದ ಪರಮಾಣುವನ್ನೋ ಕಿತ್ತುಕೊಂಡು ತನ್ನ ಜೋಡಿಯನ್ನು ಪೂರ್ತಿ ಮಾಡಿಕೊಳ್ಳುವುದು ಅದರ ಸ್ವಭಾವ. ಕಳೆದುಕೊಂಡ ಅಣು ತಾನೇ ಹೊಸ ರ‍್ಯಾಡಿಕಲ್ ಆಗುತ್ತದೆ. ಇದನ್ನೇ ಸರಪಳಿ ಕ್ರಿಯೆ ಎನ್ನುತ್ತಾರೆ.

ಹುಚ್ಚೆಳ್ಳೆಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಬಹಳವಾಗಿದೆ. ಇದರ ಅಣುವಿನಲ್ಲಿ ಒಂದೆಡೆ ಜಲಜನಕದ ಹಿಡಿತ ಸಡಿಲ. ಬೆಳಕು, ಶಾಖ, ಪಾತ್ರೆಯ ತುಕ್ಕಿನಿಂದ ಬಂದ ಕಬ್ಬಿಣದ ಲೇಶ ಇವುಗಳ ನೆರವಿನಿಂದ ಅಲ್ಲಿಂದ ಒಂದು ಜಲಜನಕ ಕಳಚಿದರೆ ಕೊಬ್ಬಿನ ಅಣು ರ‍್ಯಾಡಿಕಲ್ ಆಗುವುದು. ಗಾಳಿಯ ಆಮ್ಲಜನಕದ ಅಣುವಿನಲ್ಲಿ ಎರಡು ಎಲೆಕ್ಟ್ರಾನುಗಳು ಮೊದಲೇ ಒಂಟಿಯಾಗಿರುತ್ತವೆ; ಆದಕಾರಣ ಅದು ತಡವಿಲ್ಲದೆ ಈ ರ‍್ಯಾಡಿಕಲ್ಲಿಗೆ ಅಂಟಿಕೊಳ್ಳುತ್ತದೆ. ಹೀಗೆ ಹುಟ್ಟಿದ ಹೊಸ ರ‍್ಯಾಡಿಕಲ್ ಪಕ್ಕದ ಕೊಬ್ಬಿನ ಅಣುವಿನಿಂದ ಜಲಜನಕವನ್ನು ಕಿತ್ತು ತಾನು ಪೆರಾಕ್ಸೈಡ್ ಎಂಬ ವಸ್ತುವಾಗಿ ಶಾಂತವಾಗುವುದು. ಆದರೆ ಪಕ್ಕದ ಅಣು ಈಗ ಒಂಟಿ. ಪೆರಾಕ್ಸೈಡುಗಳು ಮುಂದೆ ಒಡೆದು ಚೂರಾದಾಗ ಬರುವುದೇ ಕಮಟು ವಾಸನೆ. ಹಳೆಯ ಎಣ್ಣೆಯಲ್ಲಿ ಈ ಪೆರಾಕ್ಸೈಡುಗಳು ಬೇಕಾದಷ್ಟು ಇರುವುದರಿಂದ, ಅದರ ಮೇಲೆ ಸುರಿದ ಹೊಸ ಎಣ್ಣೆಗೆ ಹೆಪ್ಪು ಹಾಕಿದಂತಾಗುತ್ತದೆ.

ಕಾಣದುದನ್ನು ಹಿಡಿದ ಬಗೆ

ಕ್ಷಣದ ಸಣ್ಣ ಪಾಲಿನಷ್ಟು ಕಾಲ ಬದುಕುವ ಈ ತುಣುಕುಗಳನ್ನು ಕಂಡವರಾರು ಎಂದು ಓದುಗರು ಕೇಳಬಹುದು. ಬಹುಕಾಲ ರಸಾಯನ ಶಾಸ್ತ್ರಜ್ಞರೂ ಇವು ಇರಲಾರವೆಂದೇ ನಂಬಿದ್ದರು. 1900ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಮೋಸೆಸ್ ಗೊಂಬರ್ಗ್ ಎಂಬುವರು ಬೇರೊಂದು ವಸ್ತುವನ್ನು ತಯಾರಿಸಲು ಹೊರಟು, ಹಳದಿ ಬಣ್ಣದ ದ್ರಾವಣವೊಂದನ್ನು ಪಡೆದರು. ಗಾಳಿ ತಗುಲಿದೊಡನೆ ಅದರ ಬಣ್ಣ ಮಾಸುತ್ತಿತ್ತು. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುವ ಆತುರವನ್ನು ನೋಡಿ, ಇದರಲ್ಲಿರುವುದು ಮುಕ್ತ ರ‍್ಯಾಡಿಕಲ್ ಎಂದು ಅವರು ಸಾರಿದರು. ಹಲವರು ಒಪ್ಪಲಿಲ್ಲ.

ಸಂಶಯವನ್ನು ಹೆಚ್ಚಾಗಿ ಕಳೆದದ್ದು 1929ರಲ್ಲಿ ಬರ್ಲಿನ್ನಿನಲ್ಲಿ ಫ್ರೀಡ್ರಿಕ್ ಪಾನೆಟ್ ಮತ್ತು ವಿಲ್ಹೆಲ್ಮ್ ಹೋಫೆಡಿಟ್ಸ್ ನಡೆಸಿದ ಪ್ರಯೋಗ. ಇದು ಎಷ್ಟು ಸರಳವೆಂದರೆ ಹಳ್ಳಿಯ ಶಾಲೆಯ ಮಕ್ಕಳಿಗೂ ವಿವರಿಸಬಹುದು. ಉದ್ದವಾದ ಕೊಳವೆಯೊಂದರಲ್ಲಿ ಸೀಸದ ಸಂಯುಕ್ತವೊಂದರ ಆವಿಯನ್ನು ಜಲಜನಕದೊಡನೆ ಹರಿಯಬಿಟ್ಟರು. ಕೊಳವೆಯನ್ನು ಒಂದೆಡೆ ಕಾಯಿಸಿದಾಗ ಆವಿಯು ಒಡೆದು ಅಲ್ಲಿ ಸೀಸವು ಕನ್ನಡಿಯಂತೆ ಹೊಳೆಯುತ್ತ ಅಂಟಿಕೊಂಡಿತು. ಅನಂತರ ಆವಿ ಬರುವ ದಿಕ್ಕಿನಲ್ಲಿ, ಸ್ವಲ್ಪ ಹಿಂದಕ್ಕೆ ಕಾಯಿಸಿದರು. ಅಲ್ಲಿ ಹೊಸ ಕನ್ನಡಿ ಮೂಡುತ್ತಿದ್ದಂತೆ ಮುಂದಿದ್ದ ಹಳೆಯ ಕನ್ನಡಿ ಮೆಲ್ಲಗೆ ಅಳಿಸಿಹೋಯಿತು! ಬಿಸಿಯಾದೆಡೆಯಲ್ಲಿ ಸೀಸದಿಂದ ಬಿಡುಗಡೆಯಾದ ಮೀಥೈಲ್ ಎಂಬ ರ‍್ಯಾಡಿಕಲ್ಲುಗಳು ಮುಂದೆ ಹರಿದು, ಅಲ್ಲಿದ್ದ ಸೀಸವನ್ನು ಕೂಡಿಕೊಂಡು ಹೊತ್ತೊಯ್ದಿದ್ದವು. ಎರಡು ಕನ್ನಡಿಗಳ ನಡುವಣ ದೂರವನ್ನು ಹೆಚ್ಚಿಸುತ್ತ ಹೋದಂತೆ ಅಳಿಸುವಿಕೆ ನಿಧಾನವಾಗುತ್ತಿತ್ತು. ದೂರವನ್ನೂ ಆವಿಯ ವೇಗವನ್ನೂ ಲೆಕ್ಕ ಹಾಕಿ, ಒಂದು ಸೆಕೆಂಡಿನ ನೂರನೆಯ ಒಂದು ಪಾಲು ಕಳೆಯುವುದರೊಳಗೆ ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಮಾಯವಾಗುತ್ತವೆ ಎಂದು ತಿಳಿದುಕೊಂಡರು. ಇದಕ್ಕಿಂತ ಜಾಣತನದ ಪ್ರಯೋಗಗಳು ವಿಜ್ಞಾನದಲ್ಲಿ ಹೆಚ್ಚಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಮುಂದೆ ವಿಧಾನಗಳು ಚುರುಕಾದವು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ನಾರಿಷ್ ಮತ್ತು ಜಾರ್ಜ್ ಪೋರ್ಟರ್ ಎಂಬುವರು 1940ರ ದಶಕದ ಕೊನೆಯಲ್ಲಿ ಮಿಂಚಿನಂತಹ ಬೆಳಕನ್ನು ಹಾಯಿಸಿ ಅಣುಗಳನ್ನು ಒಡೆದು, ಕೂಡಲೇ ಎರಡನೆಯ ಮಿಂಚಿನಿಂದ ಆ ಚೂರುಗಳ ಚಿತ್ರ ತೆಗೆಯುವ ಉಪಾಯವನ್ನು ಕಂಡುಕೊಂಡರು. ಕತ್ತಲ ರಾತ್ರಿಯಲ್ಲಿ ಮಿಂಚು ಹೊಳೆದಾಗ ಓಡುವ ಕುದುರೆಯೂ ನಿಂತಂತೆ ಕಾಣುವುದಿಲ್ಲವೇ, ಹಾಗೆ. 1967ರ ನೊಬೆಲ್ ಪ್ರಶಸ್ತಿಯಲ್ಲಿ ಇವರಿಬ್ಬರಿಗೂ ಪಾಲು ದೊರೆಯಿತು.

ಇಂದು ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ವಿಧಾನವನ್ನು 1944ರಲ್ಲಿ ರಷ್ಯದ ಕಜಾನ್ ನಗರದಲ್ಲಿ ಜವೋಯ್ಸ್ಕಿ ಎಂಬುವರು ಕಂಡುಹಿಡಿದರು. ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ. ಜೋಡಿಯಲ್ಲಿರುವಾಗ ಒಂದರ ಸೆಳೆತವನ್ನು ಇನ್ನೊಂದು ಕಳೆಯುತ್ತದೆ. ಒಂಟಿಯಾದುದರ ಸೆಳೆತ ಉಳಿಯುತ್ತದೆ. ವಸ್ತುವನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟು ಸೂಕ್ಷ್ಮ ರೇಡಿಯೋ ಅಲೆಗಳನ್ನು ಹಾಯಿಸಿದರೆ ಒಂಟಿ ಎಲೆಕ್ಟ್ರಾನುಗಳು ನಿರ್ದಿಷ್ಟ ಅಲೆಯನ್ನು ಹೀರಿ ತಮ್ಮ ಇರವನ್ನು ತಾವೇ ತೋರಿಕೊಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಬಗೆಯ ಉಪಕರಣಗಳಿವೆ. ಹೊಗೆಯಲ್ಲಿ ಏನಿದೆಯೆಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಈ ವಿಧಾನದಿಂದಲೇ.

ಉರಿ ಮತ್ತು ಹೊಗೆ

ಬೆಂಕಿಯೂ ಸರಪಳಿ ಕ್ರಿಯೆಯೇ. ಆದರೆ ಇಲ್ಲಿ ಒಂದು ರ‍್ಯಾಡಿಕಲ್ಲಿನಿಂದ ಎರಡು ಮೂರು ಹುಟ್ಟುವ ಹಂತಗಳಿವೆ. ಆದುದರಿಂದಲೇ ಉರಿಯು ಒಮ್ಮೆಲೇ ಭುಗಿಲೇಳುತ್ತದೆ. ಇಂತಹ ಕ್ರಿಯೆಗಳ ಬಗೆಯನ್ನು ಬಿಡಿಸಿ ತೋರಿಸಿದ ಸೆಮೆನೋವ್ ಮತ್ತು ಹಿನ್ಷೆಲ್‌ವುಡ್ ಅವರಿಗೆ 1956ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಸಾಕಷ್ಟು ಗಾಳಿ ಮತ್ತು ಸಾಕಷ್ಟು ಶಾಖ ಇದ್ದರೆ ಸೌದೆಯ ಇಂಗಾಲ ಪೂರ್ತಿ ಉರಿದುಹೋಗುತ್ತದೆ. ಹಸಿ ಸೌದೆ, ಒತ್ತಾಗಿ ತುರುಕಿದ ತೆಂಗಿನ ಗರಿ, ಗಾಳಿಯಾಡದ ಒಲೆ ಇವುಗಳಿದ್ದರೆ ಕ್ರಿಯೆ ಅರ್ಧದಲ್ಲೇ ನಿಂತು ಹೊಗೆ, ಮಸಿ ಮತ್ತು ಇಂಗಾಲದ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಉಳಿಯುತ್ತವೆ. ಮಸಿಯ ಜಿಡ್ಡಿನಲ್ಲಿ ಸಿಕ್ಕಿಬಿದ್ದ ಕೆಲವು ರ‍್ಯಾಡಿಕಲ್ಲುಗಳು ಒಲೆ ಆರಿದ ಮೇಲೂ ದಿನಗಟ್ಟಲೆ ಉಳಿಯಬಲ್ಲವು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ಕಡೆ ಆಲೆಮನೆಯ ಒಲೆಯ ಮುಂದೆ ನಿಂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಲೆಮನೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬಹುದು. ಬೆಲ್ಲ ಬೆಳ್ಳಗೆ ಕಾಣಲೆಂದು ಕೆಲವರು ಪಾಕಕ್ಕೆ ಬೆರೆಸುವ ಹೈಡ್ರೋಸ್ ಪುಡಿಯು ನೀರಿನಲ್ಲಿ ಕರಗಿದಾಗ ಅದರ ಅಣುವಿನ ಒಂದು ಭಾಗ ಎರಡಾಗಿ ಸೀಳಿ, ಒಂದೊಂದು ತುಣುಕಿನಲ್ಲಿಯೂ ಒಂಟಿ ಎಲೆಕ್ಟ್ರಾನ್ ಉಳಿಯುತ್ತದೆ. ಪಾಕದ ಬಣ್ಣವನ್ನು ಕಳೆಯುವುದು ಈ ರ‍್ಯಾಡಿಕಲ್ಲುಗಳ ಕೆಲಸ. ಆ ಬಿಳುಪು ಬಹುಕಾಲ ನಿಲ್ಲುವುದೂ ಇಲ್ಲ, ಅದರಿಂದ ತಿನ್ನುವವರಿಗೆ ಲಾಭವೂ ಇಲ್ಲ. ಕಂದು ಬೆಲ್ಲವನ್ನು ಕೀಳೆಂದು ಎಣಿಸುವುದನ್ನು ಕೊಳ್ಳುವವರು ಬಿಟ್ಟರೆ ಮಾಡುವವರೂ ಬಿಡುವರು.

ಮನೆಯ ಹೊಗೆಯನ್ನು ಕಡಿಮೆ ಮಾಡುವ ಕೆಲಸ ನಮ್ಮ ನಾಡಿನಲ್ಲಿಯೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಆರಂಭವಾಯಿತು. ನಾಗಮಂಗಲಕ್ಕೆ ನೆರೆಯಾದ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವೊಂದು ನಡೆಯಿತು. 1980ರ ದಶಕದಲ್ಲಿ ಈ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಸಾವಿರಾರು ಮನೆಗಳನ್ನು ಸೇರಿತು. ಒಲೆಯೊಳಗೆ ಗಾಳಿ ಸರಿಯಾಗಿ ಹರಿಯುವಂತೆ ಮಾಡಿ, ಉರಿಯ ಶಾಖವನ್ನು ಒಂದಾದ ಮೇಲೊಂದು ಪಾತ್ರೆಗೆ ತಾಗಿಸಿ, ಉಳಿದ ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳುಹಿಸುವುದು ಅದರ ಕ್ರಮ. ಕೊಳವೆಯನ್ನು ಆಗಾಗ ಶುಚಿ ಮಾಡದಿದ್ದ ಮನೆಗಳಲ್ಲಿ ಹೊಗೆ ಮತ್ತೆ ಒಳಕ್ಕೆ ಬಂದದ್ದೂ ಉಂಟು.

2016ರ ಉಜ್ವಲ ಯೋಜನೆಯ ಅನಂತರ ಅನೇಕ ಮನೆಗಳಿಗೆ ಅನಿಲ ಒಲೆ ಬಂದಿದೆ. ಆದರೂ ಸ್ನಾನದ ಹಂಡೆಗೆ ಸೌದೆ, ತೆಂಗಿನ ಮಟ್ಟೆಗಳೇ ಉರಿಯುವ ಮನೆಗಳು ಇನ್ನೂ ಇವೆ. ಬಸುರಿ ಹೆಂಗಸು ಮುಂಜಾನೆ ಎದ್ದು ಅದರ ಮುಂದೆ ಕೂತು ಊದುವುದೂ ಇದೆ. ಇಂಗಾಲದ ಮಾನಾಕ್ಸೈಡ್ ತಾಯಿಯ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ; ಗರ್ಭದ ಶಿಶುವಿಗೆ ತಲಪುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆಯಾಗುವುದು. ಹೊಗೆಯುಳ್ಳ ಅಡುಗೆ ಮನೆಗಳಲ್ಲಿ ತೂಕ ಕಡಿಮೆಯಾದ ಕೂಸುಗಳು ಹೆಚ್ಚಾಗಿ ಹುಟ್ಟುತ್ತವೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಬಸುರಿನ ತಿಂಗಳುಗಳಲ್ಲಿ ಹಂಡೆಗೆ ಬೆಂಕಿ ಹಾಕುವ ಕೆಲಸವನ್ನು ಗಂಡನೇ ವಹಿಸಿಕೊಳ್ಳತಕ್ಕದ್ದು. ಬೆಂಕಿ ಬೇಗ ಹತ್ತಲೆಂದು ಪ್ಲಾಸ್ಟಿಕ್ ಚೀಲಗಳನ್ನು ಒಲೆಗೆ ಹಾಕುವುದನ್ನು ಯಾರೂ ಮಾಡಬಾರದು.

ಬೀಡಿ ಸಿಗರೇಟುಗಳ ಮಾತು ಬೇರೆಯೇ. ಇಲ್ಲಿ ಹೊಗೆಯು ಗಾಳಿಯೊಡನೆ ಬೆರೆತು ತಿಳಿಯಾಗುವ ಮೊದಲೇ ನೇರವಾಗಿ ಶ್ವಾಸಕೋಶವನ್ನು ಸೇರುತ್ತದೆ. ಸಿಗರೇಟಿನ ಒಂದು ದಮ್ಮಿನ ಹೊಗೆಯ ಅನಿಲಭಾಗದಲ್ಲಿಯೇ ಸುಮಾರು ಹತ್ತು ಕೋಟಿ ಕೋಟಿ ರ‍್ಯಾಡಿಕಲ್ಲುಗಳಿರುತ್ತವೆಂದು ಮೇಲೆ ಹೇಳಿದ ಅಯಸ್ಕಾಂತದ ವಿಧಾನದಿಂದ ಅಳೆಯಲಾಗಿದೆ. ಜಿಡ್ಡಿನಲ್ಲಿರುವ ರ‍್ಯಾಡಿಕಲ್ಲುಗಳ ಲೆಕ್ಕ ಇದಕ್ಕೆ ಪ್ರತ್ಯೇಕ.

ದೇಹದ ಕಾವಲು

ಮುಕ್ತ ರ‍್ಯಾಡಿಕಲ್ಲುಗಳೆಲ್ಲವೂ ಶತ್ರುಗಳೆಂದು ತಿಳಿಯಬಾರದು. ನಾವು ಉಸಿರಾಡುವ ಆಮ್ಲಜನಕದ ಅಲ್ಪಭಾಗ ದೇಹದೊಳಗೇ ರ‍್ಯಾಡಿಕಲ್ ಆಗುತ್ತದೆ. ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಇವನ್ನೇ ಆಯುಧವಾಗಿ ಬಳಸುತ್ತವೆ. ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕೂಡ ಒಂದು ರ‍್ಯಾಡಿಕಲ್. ಬೆಂಕಿ ಒಲೆಯಲ್ಲಿದ್ದರೆ ಅಡುಗೆ, ಸೂರಿಗೆ ಹತ್ತಿದರೆ ಅನಾಹುತ.

ಈ ಬೆಂಕಿಯನ್ನು ಅಂಕೆಯಲ್ಲಿಡಲು ದೇಹವು ಕಾವಲನ್ನು ಇಟ್ಟುಕೊಂಡಿದೆ. 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬುವರು, ಆಮ್ಲಜನಕದ ರ‍್ಯಾಡಿಕಲ್ಲುಗಳನ್ನು ಹುಟ್ಟಿದಲ್ಲಿಯೇ ಅಡಗಿಸುವ ಕಿಣ್ವವೊಂದನ್ನು ರಕ್ತಕಣಗಳಲ್ಲಿ ಕಂಡುಹಿಡಿದರು. ಇದಲ್ಲದೆ ಆಹಾರದಿಂದ ಬರುವ ಕಾವಲುಗಾರರೂ ಉಂಟು. ಇವು ಕೊಟ್ಟಿಗೆಯ ತುಂಬ ಎತ್ತುಗಳಿರುವ ಉದಾರಿ ಗೌಡನಿದ್ದಂತೆ. ಕೇಳಿ ಬಂದ ಒಂಟೆತ್ತಿನವನಿಗೆ ಒಂದೆತ್ತನ್ನು ಕೊಟ್ಟು, ತಾನು ಬೇರೆಯವರ ಮನೆಗೆ ನುಗ್ಗದೆ ಸುಮ್ಮನಿರುತ್ತಾನೆ. ಜಗಳ ಅಲ್ಲಿಗೆ ನಿಲ್ಲುತ್ತದೆ. ಎಣ್ಣೆಕಾಳುಗಳಲ್ಲಿರುವ ಈ ಜೀವಸತ್ವ ಹೀಗೆಯೇ ಕೆಲಸ ಮಾಡುತ್ತದೆ. ಅದು ಕೊಟ್ಟು ಬರಿದಾದಾಗ ನೆಲ್ಲಿ, ಸೀಬೆ, ನಿಂಬೆಗಳಲ್ಲಿರುವ ಸಿ ಜೀವಸತ್ವ ಅದಕ್ಕೆ ಮತ್ತೆ ತುಂಬಿಕೊಡುತ್ತದೆ. ಇಂತಹ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು.

ಗಂಜಾಂನಿಂದ ಹತ್ತಿಪ್ಪತ್ತು ಕಿಲೋಮೀಟರಿನೊಳಗೆ, ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಈ ವಿಷಯವಾಗಿ ಬಹಳ ಕೆಲಸ ನಡೆದಿದೆ. ಅರಿಸಿನ, ಲವಂಗ, ಮೆಣಸು, ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳ ಸಾರವಸ್ತುಗಳು ರಕ್ತದ ಕೊಬ್ಬು ಕಮಟಾಗುವುದನ್ನು ಎಷ್ಟರಮಟ್ಟಿಗೆ ತಡೆಯುತ್ತವೆಂದು ಅಲ್ಲಿ ಪರೀಕ್ಷಿಸಿದ್ದಾರೆ. ರಾಗಿಯ ಹೊರಪದರದ ಕಂದು ವಸ್ತುಗಳನ್ನೂ ಅಭ್ಯಸಿಸಿದ್ದಾರೆ. ಇಂತಹ ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಪರೀಕ್ಷೆ ನೋಡಲು ಬಹಳ ಚೆನ್ನ. ಕೆಡದೆ ಉಳಿಯುವ ಒಂದು ರ‍್ಯಾಡಿಕಲ್ಲಿನ ದ್ರಾವಣ ನೇರಳೆ ಹಣ್ಣಿನ ಬಣ್ಣದ್ದು. ಅದಕ್ಕೆ ಉತ್ಕರ್ಷಣ ನಿರೋಧಕವನ್ನು ಹನಿಸಿದರೆ ಒಂಟಿ ಎಲೆಕ್ಟ್ರಾನಿಗೆ ಜೋಡಿ ದೊರೆತು ನೇರಳೆಯು ತಿಳಿಹಳದಿಯಾಗುವುದು. ಬಣ್ಣ ಎಷ್ಟು ಇಳಿಯಿತೆಂದು ಅಳೆದು ಆ ವಸ್ತುವಿನ ಬಲವನ್ನು ಹೇಳುತ್ತಾರೆ.

ಗಾಜಿನ ನಳಿಕೆಯಲ್ಲಿ ಆದದ್ದೆಲ್ಲವೂ ಹೊಟ್ಟೆಯಲ್ಲಿ ಹಾಗೆಯೇ ಆಗುವುದೆಂದು ತಿಳಿಯುವುದು ತಪ್ಪು. ರಾಗಿ, ಸೊಪ್ಪು, ಕಾಳು, ಹಣ್ಣುಗಳ ಊಟ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಗಂಜಾಂ ಹಿಂದಿನಿಂದ ಹೆಸರು ಪಡೆದಿರುವ ಅಂಜೂರವೂ ಅದರಲ್ಲಿ ಸೇರಲಿ. ಆದರೆ ಇವೇ ವಸ್ತುಗಳನ್ನು ಮಾತ್ರೆಯ ರೂಪದಲ್ಲಿ ನುಂಗಿ ಬೀಡಿಯನ್ನು ಮುಂದುವರಿಸಬಹುದೆಂಬ ಆಸೆಯನ್ನು ಫಿನ್ಲೆಂಡಿನ ಪರೀಕ್ಷೆಯೊಂದು ಮುರಿದಿದೆ. ಅಲ್ಲಿ ಧೂಮಪಾನಿಗಳಾದ 29,133 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಕೆಲವರಿಗೆ ಗಜ್ಜರಿಯಲ್ಲಿರುವ ಬೀಟಾ ಕೆರೋಟಿನ್ ವಸ್ತುವನ್ನು ಮಾತ್ರೆಯಾಗಿ ಕೊಟ್ಟಿದ್ದರು. 1994ರಲ್ಲಿ ಫಲಿತಾಂಶ ಹೊರಬಂದಾಗ, ಆ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು.

ಮಕ್ಕಳಿಲ್ಲದ ದಂಪತಿಗಳಿಗೆ

ಗಂಜಾಂನ ನಿಮಿಷಾಂಬ ದೇವಾಲಯಕ್ಕೆ ಹರಕೆ ಹೊತ್ತು ಬರುವವರಲ್ಲಿ ಮಕ್ಕಳಿಲ್ಲದ ದಂಪತಿಗಳೂ ಇರುತ್ತಾರೆ. ಹರಕೆ ಅವರವರ ನಂಬಿಕೆ. ಆದರೆ ಮನೆಗೆ ಹಿಂದಿರುಗಿದ ಮೇಲೆ ಬಂಜೆಯೆಂಬ ಮಾತನ್ನು ಕೇಳಬೇಕಾದವಳು ಹೆಂಡತಿಯೊಬ್ಬಳೇ. ಗಂಡನಿಗೆ ಎರಡನೆಯ ಮದುವೆಯ ಮಾತು ತೆಗೆಯುವ ಹಿರಿಯರೂ ಉಂಟು. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ ಎಂಬುದು ವೈದ್ಯಶಾಸ್ತ್ರದ ಅನುಭವ. ಆ ಕಾರಣಗಳಲ್ಲಿ ಒಂದು ನಾವು ಇದುವರೆಗೆ ಹೇಳಿದ ಕಮಟುಗಟ್ಟುವ ಕ್ರಿಯೆ.

ವೀರ್ಯಾಣುವಿನ ಹೊರಪೊರೆಯಲ್ಲಿ ಹುಚ್ಚೆಳ್ಳೆಣ್ಣೆಯಲ್ಲಿರುವಂತೆ ಸುಲಭವಾಗಿ ಕೆಡುವ ಕೊಬ್ಬಿನಾಮ್ಲಗಳು ಬಹಳವಾಗಿವೆ. ಅದರ ದೇಹವೋ ಬಹು ಚಿಕ್ಕದು. ಕಾವಲಿನ ಕಿಣ್ವಗಳನ್ನು ತುಂಬಿಕೊಳ್ಳಲು ಸ್ಥಳವಿಲ್ಲ. ರ‍್ಯಾಡಿಕಲ್ಲುಗಳು ಮಿತಿಮೀರಿದಾಗ ಪೊರೆಯು ಕೆಟ್ಟು ಅದರ ಚಲನೆ ಕುಂದುತ್ತದೆ. ಒಳಗಿರುವ ವಂಶವಾಹಿಯ ಎಳೆಗಳೂ ತುಂಡಾಗಬಹುದು. 1943ರಲ್ಲಿಯೇ ಜಾನ್ ಮೆಕ್ಲಿಯಡ್ ಎಂಬ ಅಮೆರಿಕದ ಸಂಶೋಧಕರು, ಆಮ್ಲಜನಕ ಹೆಚ್ಚಾಗಿರುವಲ್ಲಿ ಇಟ್ಟ ವೀರ್ಯಾಣುಗಳು ಚಲನೆಯನ್ನು ಕಳೆದುಕೊಳ್ಳುವುದನ್ನೂ, ಪೆರಾಕ್ಸೈಡನ್ನು ಒಡೆಯುವ ಕಿಣ್ವವನ್ನು ಬೆರೆಸಿದರೆ ಚಲನೆ ಉಳಿಯುವುದನ್ನೂ ತೋರಿಸಿದ್ದರು. ಧೂಮಪಾನಿಗಳಲ್ಲಿ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕಡಿಮೆಯಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಬೇರೆ ಕಾರಣಗಳೂ ಇವೆ. ಎಲ್ಲವನ್ನೂ ಬೀಡಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬೇರೆ ಕಾರಣಗಳಿಗೆ ವೈದ್ಯರು ಬೇಕು, ಬೀಡಿಯನ್ನು ಕೆಳಗಿಡಲು ಗಂಡನ ಮನಸ್ಸು ಸಾಕು.

ಆದುದರಿಂದ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದಲ್ಲಿ ಇಬ್ಬರೂ ಒಟ್ಟಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣತಕ್ಕದ್ದು. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. ಗಂಡನ ವೀರ್ಯಪರೀಕ್ಷೆಗೆ ಶಸ್ತ್ರಚಿಕಿತ್ಸೆಯಿಲ್ಲ, ಸೂಜಿಯಿಲ್ಲ, ನೋವಿಲ್ಲ. ಹೆಂಡತಿಗೆ ಮಾಡಬೇಕಾದ ಪರೀಕ್ಷೆಗಳೊಡನೆ ಹೋಲಿಸಿದರೆ ಇದು ಬಹು ಸುಲಭ. ಆದರೂ ಅನೇಕ ಮನೆಗಳಲ್ಲಿ ಇದು ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ಪರೀಕ್ಷೆಗೆ ಮುನ್ನ ಎರಡರಿಂದ ಏಳು ದಿನಗಳು ಸಂಯಮದಿಂದಿರಬೇಕು. ಒಂದು ಸಲದ ಫಲಿತಾಂಶ ಸರಿಯಿಲ್ಲದಿದ್ದರೆ ಎದೆಗುಂದಬೇಕಾಗಿಲ್ಲ. ವೈದ್ಯರು ಮತ್ತೊಮ್ಮೆ ಮಾಡಿಸುತ್ತಾರೆ.

ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಹೊರಬರುವ ನಾಳವನ್ನು ದಾಟಲು ಇನ್ನೂ ಕೆಲವು ದಿನಗಳು. ಇಂದು ಬೀಡಿ ಬಿಟ್ಟ ಗಂಡಸಿನಲ್ಲಿ ಹೊಗೆ ಸೋಕದೆ ಬೆಳೆದ ವೀರ್ಯಾಣುಗಳು ಸಿದ್ಧವಾಗುವುದು ಮೂರು ತಿಂಗಳ ಸುಮಾರಿಗೆ. ಬಿಟ್ಟ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿಕೊಂಡು, ಮರುಪರೀಕ್ಷೆಗೆ ಹೋದಾಗ ವೈದ್ಯರಿಗೆ ತಿಳಿಸಬೇಕು.